ಅವ್ವ ಎಣಿಸದ ನ್ಯಾಪಿಗಳು

ಮೊನ್ನೆ ಶನಿವಾರ ಬೆಳಗ್ಗೆ ತಟ್ಟೆಗೆ ಉಪ್ಪಿಟ್ಟು ಹಾಕಿಕೊಂಡು, ಮೇಲೆ ನಿಂಬೆಹಣ್ಣು ಹಿಂಡಿ, ಇನ್ನೇನು ಮೊದಲ ಚಮಚ ಬಾಯಿಗಿಡಬೇಕು, ಅಷ್ಟರಲ್ಲಿ ಫೋನು ಟಿಣ್ ಎಂದಿತು. ಪಲ್ಲವಿಯ ಸಂದೇಶ. ಪಲ್ಲವಿ ಕಲಬುರಗಿಯ ಹುಡುಗಿ. ಲಂಡನ್ನಿನ ಅಂಚಿನ ನಮ್ಮ ಕ್ರೋಯ್ಡನ್ನಿನಲ್ಲೇ, ಟ್ರಾಮಿನಲ್ಲಿ ಹೋದರೆ ಎರಡು ನಿಲ್ದಾಣ ಆಚೆ ಇದ್ದಾಳೆ. ನಾಲ್ಕು ದಿನದ ಹಿಂದೆ ಹೆಣ್ಣುಕೂಸಿನ ತಾಯಿಯಾಗಿದ್ದಾಳೆ. ಕೂಸಿನ ಫೋಟೊ ಕಳಿಸಿರಬೇಕೆಂದು ಆಸೆಯಿಂದ ತೆರೆದರೆ ಅದರಲ್ಲಿ ಕೂಸಿರಲಿಲ್ಲ, ಕೂಸಿನ ನ್ಯಾಪಿ ಇತ್ತು. ಅಂಗಾತ ಬಿಚ್ಚಿಟ್ಟ, ತುಂಬಿದ ನ್ಯಾಪಿ. ಕೆಳಗೆ ಒಂದೇ ಸಾಲು: “ಅಕ್ಕಾ, ನಿನ್ನಿತನಾ ಕರ್ರಗಿತ್ತು, ಇವತ್ತ ಹಸರ ಆಗ್ಯಾದ. ಸರಿ ಅದ ಏನ್ರಿ?”

ನೀವೂ ತಿಂಡಿ ತಿನ್ನುತ್ತ ಇದನ್ನು ಓದುತ್ತಿದ್ದರೆ ತಟ್ಟೆ ಮುಗಿಸಿಕೊಂಡು ಬನ್ನಿ, ನಾನು ಕಾಯುತ್ತೇನೆ. ನಾನಂತೂ ತಟ್ಟೆ ಪಕ್ಕಕ್ಕಿಡಲಿಲ್ಲ. ಕನ್ನಡಕ ಮೇಲೇರಿಸಿ, ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಸೀರೆ ಅಂಗಡಿಯಲ್ಲಿ ಬಣ್ಣ ತಿಳಿಯಲು ಸೆರಗನ್ನು ಬಾಗಿಲ ಬೆಳಕಿಗೆ ಹಿಡಿಯುತ್ತಾರಲ್ಲ, ಹಾಗೆ ಫೋನನ್ನು ಕಿಟಕಿಯ ಕಡೆ ತಿರುಗಿಸಿ ನೋಡಿದೆ. ಪಾಚಿಯ ಹಸಿರು. ಅಂಚಿನಲ್ಲಿ ಹಳದಿಯ ಸುಳಿವು. ನಾಲ್ಕನೆಯ ದಿನಕ್ಕೆ ಇದಕ್ಕಿಂತ ಚಂದದ ಬಣ್ಣ ಬೇಕೆ? ಒಂದು ಚಮಚ ಉಪ್ಪಿಟ್ಟು ತಿಂದೆ, ಮತ್ತೊಮ್ಮೆ ನೋಡಿದೆ, ಸಂತೋಷವಾಯಿತು.

ಈ ಧೈರ್ಯ ನನಗೆ ಹುಟ್ಟಿನಿಂದ ಬಂದದ್ದಲ್ಲ. ನಾನು ಓದಿದ್ದು ಧಾರವಾಡದ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಹೊಟ್ಟೆಯ ಕೆಳಗಿನ ಯಾವ ಕೆಲಸಕ್ಕೂ ಹೆಸರಿರಲಿಲ್ಲ, ಬೆರಳುಗಳಿದ್ದವು. ಒಂದು ಬೆರಳೆತ್ತಿದರೆ ಒಂದು, ಎರಡೆತ್ತಿದರೆ ಇನ್ನೊಂದು. ಎರಡೆತ್ತುವುದು ಎಂಥ ನಾಚಿಕೆಯ ಸಂಗತಿಯೆಂದರೆ, ಹತ್ತು ವರ್ಷ ನಾನು ಒಂದೇ ಬೆರಳಿನ ಅನುಮತಿಯಲ್ಲಿ ಎರಡೂ ಕೆಲಸ ಪೂರೈಸಿಕೊಂಡವಳು. ಮುಂದೆ ಲಂಡನ್ನಿಗೆ ಬಂದು, ಇಲ್ಲಿಯ ಆಸ್ಪತ್ರೆಯಲ್ಲಿ ಹೆತ್ತು, ಅರೆನಿದ್ದೆಯಲ್ಲಿ ಮಲಗಿದ್ದಾಗ ವಾರ್ಡಿನ ನರ್ಸ್ ಬಂದು ಮಗು ಮೊದಲ ಸಲ ಕಕ್ಕ ಮಾಡಿತೇ ಎಂದು ಕೇಳಿದಳು. ಮೂವತ್ತೊಂದು ವರ್ಷದ ಹೆಂಗಸು ನಾನು ಬಾಯಿ ಬಿಡದೆ ಎರಡು ಬೆರಳೆತ್ತಿ ತೋರಿಸಿದೆ. ಕೈಯ ಹಿಂಬದಿಯನ್ನು ಎದುರಿನವರಿಗೆ ತೋರಿಸಿ ಹಾಗೆ ಬೆರಳೆತ್ತುವುದು ಈ ದೇಶದಲ್ಲಿ ಒಳ್ಳೆಯ ಬೈಗುಳವೆಂದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಪಾಪ, ಆಕೆ ಅರಿವಳಿಕೆಯ ಅಮಲು ಇನ್ನೂ ಇಳಿದಿಲ್ಲವೆಂದುಕೊಂಡು ನನ್ನ ಹೊದಿಕೆ ಸರಿಮಾಡಿ ಹೋದಳು.

ಆಗ ಹುಟ್ಟಿದವನಿಗೆ ಈಗ ಹನ್ನೊಂದು ವರ್ಷ. ಅವನು ಆಪರೇಷನ್ನಿನಿಂದ ಹುಟ್ಟಿದ್ದರಿಂದ ನಾನು ಮಂಚ ಬಿಟ್ಟೇಳುವಂತಿರಲಿಲ್ಲ. ಹಾಗಾಗಿ ಮೊದಲ ನ್ಯಾಪಿ ಬಿಚ್ಚುವ ಭಾಗ್ಯ ನನ್ನ ಗಂಡನದಾಯಿತು. ಇವರು ಕುಂದಾಪುರದವರು. ಏನು ಕಂಡರೂ ಮೊದಲು ಅದಕ್ಕೊಂದು ಹೋಲಿಕೆ ಕೊಟ್ಟು ಆಮೇಲೆ ಗಾಬರಿಯಾಗುವ ಸ್ವಭಾವ. ನ್ಯಾಪಿಯ ಪಟ್ಟಿ ಬಿಚ್ಚಿದವರು ಬಗ್ಗಿ ನೋಡಿ, “ಇದ್ ಎಂತದ್ ಮಾರಾಯ್ತಿ, ರಸ್ತಿಗ್ ಹಾಕು ಡಾಂಬರ್ ಇದ್ದಂಗ್ ಇತ್ತಲೆ,” ಎಂದರು. ಡಾಂಬರೇ. ಕರಿಹಸಿರು, ಅಂಟಂಟು, ವಾಸನೆಯಿಲ್ಲ. ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜರುಗುತ್ತದೆಯೇ ಹೊರತು ಬಿಡುವುದಿಲ್ಲ. ಹೊಟ್ಟೆಯೊಳಗಿದ್ದಾಗ ಕೂಸು ನುಂಗಿದ್ದೆಲ್ಲ ಸೇರಿ ಅದಾಗಿರುತ್ತದಂತೆ. ಹುಟ್ಟಿದ ಒಂದು ದಿನದೊಳಗೆ ಅದು ಹೊರಗೆ ಬರಬೇಕು, ಬರದಿದ್ದರೆ ಹೇಳಬೇಕು, ಅದಕ್ಕೇ ಬಂದು ಕೇಳಿದ್ದು ಎಂದು ಆ ನರ್ಸ್ ಆಮೇಲೆ ವಿವರಿಸಿದಳು. ಒಂಬತ್ತು ತಿಂಗಳು ಅವನು ನನ್ನೊಳಗೆ ಕುಳಿತು ಏನು ಮಾಡುತ್ತಿದ್ದನೆಂದು ನಾನು ಎಷ್ಟೋ ಸಲ ಯೋಚಿಸಿದ್ದುಂಟು. ಡಾಂಬರು ಕಾಸುತ್ತಿದ್ದನೆಂದು ಊಹಿಸಿರಲಿಲ್ಲ.

ಅವ್ವ ಬಾಣಂತನಕ್ಕೆಂದು ಧಾರವಾಡದಿಂದ ಮೂರು ವಾರ ಮೊದಲೇ ಬಂದಿದ್ದಳು. ಅವಳ ಸೂಟ್‌ಕೇಸಿನಲ್ಲಿ ತನ್ನ ಬಟ್ಟೆ ಕಡಿಮೆ. ಉಳಿದದ್ದೆಲ್ಲ ಬಜೆ, ಸುಂಠಿ, ಹಳೆಯ ನೂಲಿನ ಸೀರೆ ಹರಿದು ಅಂಚು ಹೊಲಿದ ಅರಿವೆಗಳು, ಮತ್ತು ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಮಲಗಿದ್ದ ಹರಳೆಣ್ಣೆಯ ಬಾಟಲಿ. ಹುಟ್ಟಿದ ಕೂಸಿನ ನಾಲಿಗೆಗೆ ಹರಳೆಣ್ಣೆ ಸವರಿದರೆ ಒಳಗಿನ ಕಪ್ಪೆಲ್ಲ ಇಳಿದುಹೋಗುತ್ತದೆ ಎಂಬುದು ಅವಳ ಶಾಸ್ತ್ರ. ನನಗೂ ಸವರಿದ್ದಳಂತೆ. ಇಲ್ಲಿ ಎಣ್ಣೆ, ಜೇನುತುಪ್ಪ, ಸಕ್ಕರೆ ನೀರು ಯಾವುದೂ ಕೂಡದು, ತಾಯಿಯ ಮೊದಲ ಹಳದಿ ಹಾಲೇ ಆ ಕೆಲಸ ಮಾಡುತ್ತದೆ ಎಂದು ನಾನು ಹೆದರುತ್ತಲೇ ಹೇಳಿದೆ. ದೊಡ್ಡ ವಾದವಾಗುತ್ತದೆಂದು ಎಣಿಸಿದ್ದೆ. ಅವ್ವ ಎರಡು ನಿಮಿಷ ಯೋಚಿಸಿ, ಹೌದು, ಗಿಣ್ಣದ ಹಾಲು ಕುಡಿಸದೆ ಯಾರಾದರೂ ಕರು ಉಳಿಸಿದ್ದಾರೆಯೇ ಎಂದು ತನ್ನಷ್ಟಕ್ಕೆ ಒಪ್ಪಿಕೊಂಡುಬಿಟ್ಟಳು. ಹರಳೆಣ್ಣೆ ನನ್ನ ನೆತ್ತಿಗೆ ಹೋಯಿತು. ಆ ಮೂರು ತಿಂಗಳು ನಾನು ಲಿಫ್ಟ್ ಹತ್ತಿದರೆ ಉಳಿದವರು ಮುಂದಿನ ಲಿಫ್ಟಿಗೆ ಕಾಯುತ್ತಿದ್ದರು.

ಮೂರನೆಯ ದಿನ ಮನೆಗೆ ಬಂದೆವು. ಏಳನೆಯ ಮಹಡಿಯ, ಎರಡು ಕೋಣೆಯ ಫ್ಲಾಟು. ಅವತ್ತೇ ಮಧ್ಯಾಹ್ನ ಮಿಡ್‌ವೈಫ್ ಮನೆಗೇ ಬಂದಳು. ಈ ದೇಶದಲ್ಲಿ ಸೂಲಗಿತ್ತಿ ಮನೆ ಹುಡುಕಿಕೊಂಡು ಬರುತ್ತಾಳೆ, ಬಂದದ್ದಕ್ಕೆ ಕುಬುಸದ ಕಣ ಕೂಡ ಕೇಳುವುದಿಲ್ಲವೆಂದು ಅವ್ವನಿಗೆ ಪರಮಾಶ್ಚರ್ಯ. ಆಕೆಯ ಹೆಸರು ಗ್ರೇಸ್. ಟ್ರಿನಿಡಾಡಿನವಳು, ಐವತ್ತರ ಆಸುಪಾಸು, ಎದೆಯ ಮೇಲೆ ತಲೆಕೆಳಗಾಗಿ ತೂಗುವ ಗಡಿಯಾರ. ಹೆಸರು ಹಿಡಿದೇ ಕರೆ ಎಂದಳು. ಕಾನ್ವೆಂಟಿನ ನಾಲಿಗೆ ಕೇಳಬೇಕಲ್ಲ, ನನಗೆ ಆಕೆ ಗ್ರೇಸ್ ಸಿಸ್ಟರ್ ಆದಳು. ಅವ್ವನಿಗೆ ನರ್ಸಬಾಯಿ. ಆಕೆ ಹಾಸಿಗೆಯ ಅಂಚಿನಲ್ಲಿ ಕುಳಿತು ನನಗೆ ಒಂದು ಪಾಠ ಹೇಳಿದಳು. ಕೂಸು ಎಷ್ಟು ಹಾಲು ಕುಡಿಯುತ್ತಿದೆಯೆಂದು ಎದೆಯೊಳಗೆ ಇಣುಕಿ ನೋಡಲಾಗದು, ನ್ಯಾಪಿಯೊಳಗೆ ನೋಡಬಹುದು. ಇವತ್ತು ಕಪ್ಪು, ನಾಳೆ ಹಸಿರಾಗಬೇಕು, ಐದನೆಯ ದಿನಕ್ಕೆ ಹಳದಿ. ತೆಳ್ಳಗೆ, ಸಣ್ಣ ಸಣ್ಣ ಕಾಳುಕಾಳಾಗಿ ಇರಬೇಕು. ನಾಲ್ಕನೆಯ ದಿನವೂ ಕಪ್ಪೇ ಇದ್ದರೆ, ಅಥವಾ ನಿಂತೇಹೋದರೆ, ಹಾಲು ಸಾಲುತ್ತಿಲ್ಲ ಎಂದರ್ಥ. ಐದನೆಯ ದಿನ ಬಂದು ತೂಗುತ್ತೇನೆ, ತೂಕ ತೀರ ಇಳಿದಿದ್ದರೆ ಮತ್ತೆ ಆಸ್ಪತ್ರೆಗೆ ಕರೆದೊಯ್ಯಬೇಕಾಗುತ್ತದೆ ಎಂದಳು.

ಅಷ್ಟು ಸಾಕಾಯಿತು ಇವರಿಗೆ. ಕ್ಯಾನರಿ ವಾರ್ಫಿನ ಆಫೀಸಿನಲ್ಲಿ ದಿನವೆಲ್ಲ ಪಟ್ಟಿ ಮಾಡುವ ಮನುಷ್ಯ, ರಜೆಯಲ್ಲಿ ಕೈ ತುರಿಸುತ್ತಿತ್ತು. ಸಂಜೆಯೊಳಗೆ ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಾಳೆ ಮೂಡಿತು. ದಿನ, ವೇಳೆ, ಬಣ್ಣ, ಪ್ರಮಾಣ. ಬಣ್ಣಕ್ಕೆ ಮೂರು ಸ್ಕೆಚ್ ಪೆನ್ನುಗಳನ್ನೂ ದಾರ ಕಟ್ಟಿ ತೂಗಹಾಕಿದರು.

ಅವ್ವ ಆ ಹಾಳೆಯ ಮುಂದೆ ನಿಂತು, ಇಂಗ್ಲಿಷ್ ಬಾರದಿದ್ದರೂ ಗೀಟುಗಳ ಅರ್ಥ ಹಿಡಿದುಬಿಟ್ಟಳು. ಅಳಿಯನಿಗೆ ನೇರ ಹೇಳುವ ರೂಢಿಯಿಲ್ಲವಲ್ಲ, ನನ್ನ ಹತ್ತಿರ ಬಂದು, “ಕೂಸಿನ ಹೊಟ್ಟಿಂದು ಹಿಂಗ ಬರದ ಹಚ್ಚತಾರೇನವಾ? ಬಂದವ್ರು ಹೋದವ್ರು ನೋಡ್ಲಿ ಅಂತ?” ಎಂದಳು. ಬರುವವರು ಯಾರೂ ಇಲ್ಲ, ನರ್ಸಬಾಯಿ ಒಬ್ಬಳೇ ಎಂದೆ. ಅವಳಿಗೂ ಕಣ್ಣಿಲ್ಲವೇನು ಎಂದಳು. ನಮ್ಮ ಕಡೆಯ ಈ ರೂಢಿ ನಿಮಗೂ ಗೊತ್ತಿರಬಹುದು. ಕೂಸು ಚೆನ್ನಾಗಿ ಉಂಡಿತು, ಚೆನ್ನಾಗಿ ಮಲಗಿತು, ಹೊಟ್ಟೆ ಚೆನ್ನಾಗಿದೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಯಾರಾದರೂ ಕೇಳಿದರೆ ‘ಅದಾನ’, ಅಂದರೆ ಇದ್ದಾನೆ, ಎನ್ನಬೇಕು. ಅಷ್ಟೇ. ಎಣಿಸುವುದಂತೂ ದೃಷ್ಟಿಗೆ ಚೀಟಿ ಬರೆದು ಕರೆದಂತೆ.

ಆದರೆ ಅವ್ವ ಜಗಳ ಮಾಡುವವಳಲ್ಲ. ಹಾಳೆ ಹರಿಯಲಿಲ್ಲ, ಪೆನ್ನು ಬಚ್ಚಿಡಲಿಲ್ಲ. ಅವಳು ಮಾಡಿದ್ದು ಬೇರೆ, ಅದು ನನಗೆ ತಿಳಿದದ್ದು ಎರಡು ದಿನದ ಮೇಲೆ. ಬಾಣಂತಿ ಅಂಗಾತ ಮಲಗಿರಬೇಕು, ತಲೆಗೆ ಬಿಗಿಯಾಗಿ ಅರಿವೆ ಕಟ್ಟಿರಬೇಕು ಎಂಬ ಕಟ್ಟಳೆಯಲ್ಲಿ ನಾನಿದ್ದೆ. ಹೊಲಿಗೆಯ ನೋವಿನಲ್ಲಿ ನನಗೂ ಅದೇ ಬೇಕಾಗಿತ್ತು. ಹಾಲು ಕುಡಿಸಿ ಮುಗಿಯುತ್ತಲೇ ಅವ್ವ ಕೂಸನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋಗುತ್ತಿದ್ದಳು. ಅಳಿಯನ ಕೈಯಲ್ಲಿ ಇಂಥ ಕೆಲಸ ಮಾಡಿಸುವುದುಂಟೆ ಎಂದು ಇವರನ್ನು ಹತ್ತಿರ ಬಿಡುತ್ತಿರಲಿಲ್ಲ. ನನ್ನ ಪಕ್ಕದಲ್ಲಿದ್ದಾಗ ಕೂಸು ಮಾಡಿದ್ದು ಮಾತ್ರ ನನ್ನ ಕಣ್ಣಿಗೆ ಬೀಳುತ್ತಿತ್ತು, ಅದನ್ನಷ್ಟೇ ಇವರು ಹಾಳೆಗೆ ಏರಿಸುತ್ತಿದ್ದರು. ಅವನೋ ಅಜ್ಜಿಯ ಮಡಿಲನ್ನೇ ಆ ಕೆಲಸಕ್ಕೆ ಆರಿಸಿಕೊಂಡಿದ್ದ.

ಮೂರನೆಯ ದಿನ ಒಂದು ಕಪ್ಪು ಗೀಟು. ನಾಲ್ಕನೆಯ ದಿನ ಬೆಳಗ್ಗೆ ಒಂದು, ಅದೂ ಕಪ್ಪೇ. ಆಮೇಲೆ ಇಲ್ಲ. ಅವ್ವಾ, ಮಾಡಿದನೇನು ಎಂದು ಕೇಳಿದರೆ, “ಮಾಡತಾನ ಮಾಡತಾನ, ಕೂಸಂದ ಮ್ಯಾಲ ಮಾಡದ ಇರತಾನೇನು?” ಎನ್ನುತ್ತಿದ್ದಳು. ಅದು ಸುದ್ದಿಯಲ್ಲ, ಸಮಾಧಾನ ಎಂದುಕೊಂಡೆ. ಹಸಿರು ಪೆನ್ನು, ಹಳದಿ ಪೆನ್ನು ದಾರದಲ್ಲಿ ಸುಮ್ಮನೆ ತೂಗುತ್ತಿದ್ದವು. ನೀರು ಕುಡಿಯಲು ಅಡಿಗೆಮನೆಗೆ ಹೋದಾಗಲೆಲ್ಲ ಆ ಹಾಳೆ ನನ್ನನ್ನು ನೋಡುತ್ತಿತ್ತು. ಪರೀಕ್ಷೆಯಲ್ಲಿ ಎಂದೂ ಫೇಲಾಗದವಳು ನಾನು. ಈಗ ನನ್ನ ಮೈಯೇ ಫೇಲಾಗಿದೆ, ಹಾಲು ಇಲ್ಲ, ಇದ್ದರೂ ನೀರು, ಅವನು ಚೀಪುವುದು ಬರೀ ಆಸೆಗೆ ಎಂದು ಮನಸ್ಸು ತಾನೇ ತೀರ್ಪು ಬರೆದುಕೊಂಡಿತು. ಅದನ್ನು ಯಾರಿಗೂ ಹೇಳಲಿಲ್ಲ. ಇವರಿಗೆ ಹೇಳಿದರೆ ಇನ್ನೊಂದು ಪಟ್ಟಿಯಾಗುತ್ತಿತ್ತು.

ಐದನೆಯ ದಿನ ಹತ್ತು ಗಂಟೆಗೆ ಗ್ರೇಸ್ ಸಿಸ್ಟರ್ ಬಂದಳು. ತಕ್ಕಡಿಯ ತಟ್ಟೆಗೆ ಕಾಗದದ ಟವೆಲ್ ಹಾಸಿ, ಕೂಸನ್ನು ಪೂರ್ತಿ ಬಿಚ್ಚಿ ಮಲಗಿಸಿದಳು. ಅವನು ಎರಡೂ ಕೈ ಮೇಲೆತ್ತಿ ಬೆರಳು ಬಿಡಿಸಿದ. ಅಂಕಿ ಕುಣಿದು ಕುಣಿದು ನಿಂತಿತು. ಆಕೆ ಕೆಂಪು ಪುಸ್ತಕ ತೆಗೆದು ಲೆಕ್ಕ ಹಾಕಿದಳು. ಇಲ್ಲಿ ಹುಟ್ಟಿದ ಪ್ರತಿ ಕೂಸಿಗೂ ಇಂಥದೊಂದು ಕೆಂಪು ಪುಸ್ತಕ, ತೂಕವೆಲ್ಲ ಅದರಲ್ಲೇ. ಹುಟ್ಟಿದಾಗಿನ ತೂಕದಲ್ಲಿ ಹತ್ತರಲ್ಲಿ ಒಂದು ಪಾಲಿಗೆ ಸ್ವಲ್ಪವೇ ಕಡಿಮೆ ಇಳಿದಿತ್ತು. ಕೂಸುಗಳು ಮೊದಲು ಇಳಿಯುವುದು ಸಹಜ, ಇದು ಗಡಿಯ ಹತ್ತಿರ ಬಂದಿದೆ ಎಂದಳು. ನ್ಯಾಪಿಗಳು ಹೇಗಿವೆ? ಇವರು ಫ್ರಿಜ್ಜಿನ ಹಾಳೆಯನ್ನೇ ಬಿಡಿಸಿ ತಂದು ಕೈಗಿತ್ತರು. ಆಕೆ ಅದನ್ನು ನೋಡಿದಳು. ಎದೆಯ ಗಡಿಯಾರವನ್ನು ಬೆರಳಲ್ಲಿ ಎತ್ತಿ ಹೊತ್ತು ನೋಡಿದಳು. ನಿನ್ನೆ ಬೆಳಗ್ಗೆಯಿಂದ ಏನೂ ಇಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ. ಆಕೆಯ ದನಿ ಮತ್ತಷ್ಟು ಮೃದುವಾಯಿತು. ದನಿ ಮೃದುವಾದರೆ ಸುದ್ದಿ ಗಟ್ಟಿಯಿದೆ ಎಂದು ಕಾನ್ವೆಂಟಿನಲ್ಲಿ ಕಲಿತಿದ್ದೆ. ಹಾಗಾದರೆ ಇವತ್ತೇ ಮಕ್ಕಳ ವಾರ್ಡಿಗೆ ಹೋಗುವುದು ಒಳ್ಳೆಯದು, ರಕ್ತ ಪರೀಕ್ಷೆ ಮಾಡಿ, ಸದ್ಯಕ್ಕೆ ಮೇಲುಹಾಲು ಕೊಟ್ಟು ನೋಡುತ್ತಾರೆ, ಹೆದರಬೇಡ, ನಾನು ಫೋನ್ ಮಾಡುತ್ತೇನೆ ಎಂದಳು.

ನನಗೆ ಅಳು ಬಂತು. ಸದ್ದಿಲ್ಲದ ಅಳು, ಕೆನ್ನೆಯಿಂದ ಇಳಿದು ತಲೆಗೆ ಕಟ್ಟಿದ ಅರಿವೆಯ ಗಂಟಿನ ತುದಿಯನ್ನು ತೋಯಿಸಿತು. ಬಾಗಿಲಲ್ಲಿ ಬಿಸಿನೀರಿನ ಲೋಟ ಹಿಡಿದು ನಿಂತಿದ್ದ ಅವ್ವ, “ಯಾಕ ಅಳತಿ? ಏನಂದ್ಲು ಆಕಿ?” ಎಂದಳು.

ಹೇಳಿದೆ. ಹಾಲು ಸಾಲುತ್ತಿಲ್ಲ, ಕೂಸು ನಿನ್ನೆ ಬೆಳಗ್ಗೆಯಿಂದ ಮಾಡಿಲ್ಲ, ಮತ್ತೆ ದವಾಖಾನೆಗೆ ಒಯ್ಯಬೇಕಂತೆ.

ಅವ್ವ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ನನ್ನನ್ನು ನೋಡಿದಳು, ಕೂಸನ್ನು ನೋಡಿದಳು, ಗ್ರೇಸ್ ಕೈಯಲ್ಲಿದ್ದ ಫೋನನ್ನು ನೋಡಿದಳು. ಬಾಯಿ ಒಂದು ಸಲ ತೆರೆದು ಮುಚ್ಚಿತು. ಆಮೇಲೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಂದು ಮಂಚದ ಕಾಲ ಬಳಿ ನಿಂತಳು.

“ನಿನ್ನೆ ಮಧ್ಯಾನದಿಂದ ಏಳ ಸಲ ಮಾಡ್ಯಾನ,” ಎಂದಳು. “ಮೊದಲಿಂದು ಎರಡು ಹಸರ, ಉಳದದ್ದು ಹಳದಿ. ಹೇಳು ಆಕಿಗೆ.”

ಇವಳು ಮಗಳನ್ನು ಸಮಾಧಾನ ಮಾಡಲು ಸುಳ್ಳು ಹೇಳುತ್ತಿದ್ದಾಳೆಂದೇ ನನಗೆ ಮೊದಲು ಅನಿಸಿದ್ದು. ಗ್ರೇಸ್‌ಗೆ ತಿಳಿಸಿದಾಗ ಅವಳಿಗೂ ಹಾಗೇ ಅನಿಸಿರಬೇಕು. ಅಜ್ಜಿ ನೋಡಿದ್ದಾರೆಯೇ, ಸ್ವತಃ, ಎಂದು ನಿಧಾನವಾಗಿ ಕೇಳಿದಳು. ಅದನ್ನು ನಾನು ಅನುವಾದಿಸುವ ಮೊದಲೇ ಅವ್ವ ಬಾಲ್ಕನಿಗೆ ಹೋಗಿ, ಬಣ್ಣದ ಹಳೆಯ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹೊತ್ತು ತಂದಳು. ನಮ್ಮ ಕಟ್ಟಡದ ಕೆಳಗೆ ಕೌನ್ಸಿಲ್‌ನವರು ಇಟ್ಟ ಕಸದ ತೊಟ್ಟಿಗಳಿಗೆ ನಾಲ್ಕು ಬಣ್ಣ. ಯಾವ ಕಸ ಯಾವುದಕ್ಕೆ ಎಂದು ಅವಳಿಗೆ ತಿಳಿದಿರಲಿಲ್ಲ. ಅಳಿಯನನ್ನು ಇಂಥದಕ್ಕೆ ಕೇಳಲು ನಾಚಿಕೆ. ಹಾಗಾಗಿ ಎಲ್ಲ ಅಲ್ಲೇ ಇದ್ದವು. ನ್ಯಾಪಿ ಹಾಕಿ ಎಸೆಯುವ ಸುಗಂಧದ ಪುಟ್ಟ ಚೀಲಗಳು, ಒಂದೊಂದಕ್ಕೂ ಹೊಲಕ್ಕೆ ಒಯ್ಯುವ ಬುತ್ತಿಯ ಗಂಟಿನಂಥ ಎರಡು ಸುತ್ತಿನ ಗಂಟು.

ರೈಲು ನಿಲ್ದಾಣದಲ್ಲಿ ಪುಕ್ಕಟೆ ಸಿಗುವ ಪತ್ರಿಕೆಯನ್ನು ನೆಲಕ್ಕೆ ಹಾಸಿ, ಮಂಡಿಯೂರಿ ಕುಳಿತು, ಅವ್ವ ಗಂಟು ಬಿಚ್ಚತೊಡಗಿದಳು. ಬಿಚ್ಚಿದ್ದನ್ನು ಸಾಲಾಗಿ ಇಟ್ಟಳು. ಮೊದಲಿನವು ಕಪ್ಪು. ಆಮೇಲೆ ಕಪ್ಪಿನಲ್ಲಿ ಹಸಿರು ಹಣಿಕಿತು. ಆಮೇಲೆ ಪೂರಾ ಹಸಿರು. ಹಸಿರಿನಿಂದ ಹಳದಿಗೆ ತಿರುಗುವ ಒಂದು, ನಮ್ಮ ಇಳಕಲ್ ಸೀರೆಗಳಲ್ಲಿ ಕೂಡ ನಾನು ಕಾಣದ ಬಣ್ಣ. ಕಡೆಗೆ ಹಳದಿ, ಹಳದಿ, ಹಳದಿ. ಗ್ರೇಸ್ ಕೂಡ ಮಂಡಿಯೂರಿದಳು. ಇಬ್ಬರು ಐವತ್ತು ದಾಟಿದ ಹೆಂಗಸರು, ಒಬ್ಬರ ಮಾತು ಒಬ್ಬರಿಗೆ ಬಾರದು. ಅವ್ವ ತೋರುಬೆರಳಿಟ್ಟು, “ಝುಣಕದ ಹಿಟ್ಟ ಕಲಿಸಿದಂಗ ಐತಿ ನೋಡ, ಕಾಳಕಾಳ,” ಎಂದಳು. ಗ್ರೇಸ್ ಇಂಗ್ಲಿಷಿನಲ್ಲಿ, ಈ ವಾರ ನಾನು ಕಂಡ ಅತ್ಯಂತ ಸುಂದರ ವಸ್ತು ಎಂದಳು. ಇಬ್ಬರೂ ತಲೆದೂಗಿದರು. ಇವರು ಬಾಗಿಲ ಹೊರಗೆ ನಿಂತು ಗೋಡೆಗೆ ಮುಖ ಮಾಡಿ ನಗು ತಡೆಯುತ್ತಿದ್ದರು, ಅಥವಾ ಅಳುತ್ತಿದ್ದರು. ಬೆನ್ನು ಅಲುಗುವುದಷ್ಟೇ ಕಾಣುತ್ತಿತ್ತು. ಕಡಲೆಹಿಟ್ಟಿನ ಆ ಝುಣಕ ನಮ್ಮ ಮನೆಯಲ್ಲಿ ಮತ್ತೆ ಆದದ್ದು ಎಂಟು ತಿಂಗಳ ಮೇಲೆ.

ಆಸ್ಪತ್ರೆಯ ಮಾತು ಸದ್ಯಕ್ಕೆ ನಿಂತಿತು. ಗ್ರೇಸ್ ಎದುರಿಗೆ ಕುಳಿತು ನಾನು ಹಾಲುಣಿಸುವುದನ್ನು ಪೂರ್ತಿ ನೋಡಿದಳು, ಅವನ ಗದ್ದ ಸ್ವಲ್ಪ ಮೇಲಕ್ಕೆ ಸರಿಸಿದಳು, ಗುಟುಕು ಕೇಳಿಸುತ್ತಿದೆಯೇ ಎಂದಳು. ಕೇಳಿಸುತ್ತಿತ್ತು. ಎರಡು ಗಂಟೆಗೊಮ್ಮೆ ಎಬ್ಬಿಸಿ ಕುಡಿಸು, ಎರಡು ದಿನ ಬಿಟ್ಟು ಮತ್ತೆ ತೂಗುತ್ತೇನೆ, ನಡುವೆ ಅವನು ಜಡವಾದರೆ, ಕುಡಿಯಲೊಲ್ಲೆನೆಂದರೆ, ಒದ್ದೆ ನ್ಯಾಪಿ ಕಡಿಮೆಯಾದರೆ ಕಾಯಬೇಡ, ಆ ಕ್ಷಣ ಫೋನ್ ಮಾಡು ಎಂದಳು. ಅಜ್ಜಿ ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದಾಗ ದೃಷ್ಟಿಯ ವಿಷಯ ಹೇಗೆ ಹೇಳಬೇಕೆಂದು ತಿಳಿಯದೆ ತಡವರಿಸಿದೆ. ಅರ್ಧ ವಾಕ್ಯಕ್ಕೇ ಆಕೆಗೆ ಅರ್ಥವಾಯಿತು. ಟ್ರಿನಿಡಾಡಿನ ತನ್ನ ಅಜ್ಜಿಯೂ ಯಾರಾದರೂ ಕೂಸನ್ನು ಹೊಗಳಿದರೆ ಅವರನ್ನು ಬಾಗಿಲ ಹೊರಗೇ ನಿಲ್ಲಿಸುತ್ತಿದ್ದಳಂತೆ.

ಆ ಸಂಜೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕುಳಿತಿದ್ದ ಅವ್ವನ ಮೇಲೆ ನಾನು ಸಿಟ್ಟಾದೆ. ಎರಡು ದಿನ ನಾನು ಹೇಗೆ ಬೆಂದೆ ಗೊತ್ತೇನು ನಿನಗೆ ಎಂದೆ. ಅವಳು ಕೂಸಿನ ಪಾದ ಒರೆಸುತ್ತ, ನನ್ನ ಕಡೆ ನೋಡದೆ, “ನಿನಗಿಂತ ಮೊದಲ ಒಬ್ಬಾಂವ ಇದ್ದ,” ಎಂದಳು.

ಒಬ್ಬ ಅಣ್ಣನಿದ್ದನೆಂದು ನನಗೆ ಅಸ್ಪಷ್ಟವಾಗಿ ಗೊತ್ತಿತ್ತು. ನಮ್ಮ ಮನೆಯಲ್ಲಿ ಯಾರೂ ಅದನ್ನು ಮಾತಾಡುತ್ತಿರಲಿಲ್ಲ. ಹದಿನೆಂಟು ದಿನ ಇದ್ದನಂತೆ. ಒಂದು ದಿನ ಬಾಣಂತಿಯನ್ನು ನೋಡಲು ಬಂದವರೊಬ್ಬರ ಮುಂದೆ ಅವ್ವ ಸಂಭ್ರಮದಿಂದ, ಇಷ್ಟು ಸಲ ಕುಡಿದ, ಇಷ್ಟು ಸಲ ಮಾಡಿದ ಎಂದು ಬೆರಳು ಮಡಿಚಿ ಎಣಿಸಿ ಹೇಳಿದ್ದಳಂತೆ. ಆಗ ಅವಳಿಗೆ ಇಪ್ಪತ್ತು ವರ್ಷ. ಮರುದಿನ ಜ್ವರ, ಅದರ ಮರುದಿನ ಇಲ್ಲ. ಅಂದಿನಿಂದ ಅವಳು ಯಾವುದನ್ನೂ ಎಣಿಸಿಲ್ಲ. ಜ್ವರಕ್ಕೂ ಬೆರಳಿಗೂ ಸಂಬಂಧವಿಲ್ಲವೆಂದು ಹೇಳುವಷ್ಟು ಓದಿದ್ದೆ. ಹೇಳಬಾರದೆಂಬ ಬುದ್ಧಿ ಅವತ್ತು ಹೇಗೋ ಇತ್ತು. ಅವಳ ಪಕ್ಕಕ್ಕೆ ಸರಿದು ಕುಳಿತೆ. ಹರಳೆಣ್ಣೆಯ ನನ್ನ ತಲೆಯನ್ನು ಅವಳ ಭುಜಕ್ಕೆ ಒರಗಿಸಿದೆ. ಕೂಸು ಅದೇ ಹೊತ್ತಿಗೆ ಮುಖ ಕೆಂಪಗೆ ಮಾಡಿ, ಹುಬ್ಬು ಗಂಟಿಕ್ಕಿ, ಅಜ್ಜಿಯ ಕಾಲ ಮೇಲೆ ಎಂಟನೆಯದನ್ನು ಪೂರೈಸಿತು. ಇಬ್ಬರೂ ನಕ್ಕೆವು. ಹೊಲಿಗೆ ಹಿಡಿದುಕೊಂಡು ನಗುವುದು ಎಂಥ ಕಷ್ಟವೆಂದು ಆಪರೇಷನ್ ಆದವರಿಗೇ ಗೊತ್ತು.

ಮರುದಿನದಿಂದ ಅವ್ವ ತಾನೇ ಒಂದು ದಾರಿ ಕಂಡುಕೊಂಡಳು. ಒಂದು ಸ್ಟೀಲಿನ ಬಟ್ಟಲಿಟ್ಟು, ಪ್ರತಿ ಸಲ ನ್ಯಾಪಿ ಬದಲಿಸಿದಾಗ ಅದಕ್ಕೆ ಒಂದು ಕಡಲೆಕಾಳು ಹಾಕುವಳು. ನಾ ಎಣಿಸಂಗಿಲ್ಲ, ಕಾಳ ಹಾಕಾಕಿ ಅಷ್ಟ, ಎಣಿಸೂದು ನಿನಗ ಬಿಟ್ಟದ್ದು ಎಂದಳು. ಎರಡು ದಿನದ ಮೇಲೆ ಬಂದ ಗ್ರೇಸ್ ತಕ್ಕಡಿ ಹೊರತೆಗೆಯುವ ಮೊದಲೇ ನಾನು ಬಟ್ಟಲು ಮುಂದಿಟ್ಟೆ, ಆಕೆ ಕಾಳುಗಳನ್ನು ಅಂಗೈಗೆ ಸುರಿದುಕೊಂಡು ಎಣಿಸಿದಳು. ಎಪ್ಪತ್ತು ಗ್ರಾಂ ಏರಿದ್ದ. ಅಂಕಿ ಕೇಳುವ ಮೊದಲು ಅವ್ವ ಎರಡೂ ಕಿವಿ ಮುಚ್ಚಿಕೊಂಡು, ನನ್ನ ಮುಖ ನೋಡಿ ವಿಷಯ ತಿಳಿದುಕೊಂಡು, ಕೈ ತೆಗೆದಳು. ಆ ವಾರದ ಕೊನೆಗೆ ಇವರು ಕಡಲೆ ಉಸುಳಿ ತಿನ್ನಲು ನಿರಾಕರಿಸಿದರು. ಅವು ಬೇರೆ ಕಾಳೆಂದು ಅವ್ವನಿಂದ ಆಣೆ ಹಾಕಿಸಿಕೊಂಡರೂ ನಂಬಲಿಲ್ಲ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಉಪ್ಪಿಟ್ಟು ಆರಿತ್ತು. ಪಲ್ಲವಿಗೆ ಫೋನನ್ನೇ ಮಾಡಿದೆ. ಬಣ್ಣ ಸರಿಯಾಗಿದೆ, ನಾಳೆ ನಾಡಿದ್ದರಲ್ಲಿ ಹಳದಿಯಾಗುತ್ತದೆ, ಹುಳಿಮೊಸರಿನ ವಾಸನೆ ಬಂದರೆ ಹೆದರಬೇಡ, ಹೆಣ್ಣುಕೂಸು, ಮುಂದಿನಿಂದ ಹಿಂದಕ್ಕೆ ಒರೆಸು ಎಂದೆ. ಸುಣ್ಣದಂತೆ ಬೆಳ್ಳಗೆ ಕಂಡರೆ, ರಕ್ತ ಕಂಡರೆ ನನಗೆ ಫೋಟೊ ಕಳಿಸುತ್ತ ಕೂರಬೇಡ, ನೇರ ಮಿಡ್‌ವೈಫ್‌ಗೇ ಫೋನ್ ಮಾಡು ಎಂದೆ. ಒಂದೂವರೆ ತಿಂಗಳಾದ ಮೇಲೆ ಎದೆಹಾಲಿನ ಕೂಸು ಒಮ್ಮೊಮ್ಮೆ ನಾಲ್ಕೈದು ದಿನ ಮಾಡದೆಯೂ ಇರುತ್ತದೆ, ನಗುತ್ತ ಕುಡಿಯುತ್ತ ಇದ್ದರೆ ಅದೂ ಸರಿಯೇ ಎಂದೆ. ನಮ್ಮವನು ಆರು ದಿನ ಸುಮ್ಮನಿದ್ದು, ಏಳನೆಯ ದಿನ ಟ್ರಾಮಿನಲ್ಲಿ ಇವರ ಬಿಳಿ ಅಂಗಿಯ ಮೇಲೆ ಮೌನ ಮುರಿದದ್ದನ್ನು ಹೇಳಿದಾಗ ಅವಳು ನಕ್ಕಳು. ದಿನಕ್ಕೆ ಎಷ್ಟು ಸಲ ಎಂದು ಕೇಳಿದೆ. ಅವಳು ಹೇಳಲು ಬಾಯಿ ತೆರೆದಳು, ಹಿಂದಿನಿಂದ ಅವಳ ತಾಯಿಯ ದನಿ ಮೆಲ್ಲಗೆ ಏನೋ ಗದರಿಸಿದ್ದು ಕೇಳಿಸಿತು. ನನಗೆ ಹೇಳಬೇಡ ಪಲ್ಲವಿ, ಅಮ್ಮ ಹೇಳುವುದು ಸರಿ ಎಂದೆ. ನಾನು ಹೊರಗಿನವಳು, ಮಿಡ್‌ವೈಫ್‌ಗೆ ಮಾತ್ರ ಒಂದೂ ಬಿಡದೆ ಹೇಳು.

ಫೋನಿಟ್ಟವಳು ಅಲ್ಲೇ ಕುಳಿತಿದ್ದೆ. ಹನ್ನೊಂದು ವರ್ಷದಿಂದ ನಾನು ಈ ಕಥೆಯನ್ನು ಕನ್ನಡದವರು ಕೂಡಿದಲ್ಲೆಲ್ಲ ಅವ್ವನ ತಮಾಷೆಯೆಂದೇ ಹೇಳಿ ನಗಿಸಿದ್ದೇನೆ. ಆ ಸೆರಗಿನ ತಲೆ, ತೆರೆದು ಮುಚ್ಚಿದ ಬಾಯಿ, ‘ಏಳ ಸಲ’ ಎಂಬ ಎರಡು ಮಾತು. ಇಪ್ಪತ್ತರ ವಯಸ್ಸಿನಿಂದ ಬಿಗಿಹಿಡಿದದ್ದನ್ನು ಅವಳು ಅಪರಿಚಿತಳೊಬ್ಬಳ ಮುಂದೆ 'ಏಳು' ಎಂದು ಬಿಟ್ಟುಕೊಟ್ಟಾಗ ಅವಳ ಎದೆ ಹೇಗೆ ಹೊಡೆದುಕೊಂಡಿರಬೇಕೆಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ.

ಧಾರವಾಡದಲ್ಲಿ ಆಗ ಮಧ್ಯಾಹ್ನ. ಅವ್ವನಿಗೆ ಫೋನ್ ಮಾಡಿದೆ. ಅವಳಿರುವ ನನ್ನ ತಂಗಿಯ ಮನೆಯ ಸದ್ದುಗದ್ದಲದ ನಡುವೆ ಅವಳ ದನಿ ಕೇಳಿಸಿತು. ಊಟವಾಯಿತೇ, ಚಳಿ ಹೇಗಿದೆ ಎಂದೆಲ್ಲ ಆದ ಮೇಲೆ, ಯಾವಾಗಲೂ ಕೇಳುವಂತೆ ಹುಡುಗ ಹೇಗಿದ್ದಾನೆಂದು ಕೇಳಿದಳು. ಪ್ರತಿ ಸಲವೂ ನಾನು ಉತ್ಸಾಹದಿಂದ, ಇಷ್ಟೆತ್ತರ ಆಗಿದ್ದಾನೆ, ಈಜಿನಲ್ಲಿ ಮೊದಲು ಬಂದ, ನಾಲ್ಕು ಚಪಾತಿ ತಿನ್ನುತ್ತಾನೆ ಎಂದು ಒದರುವವಳು. ಆ ಕಡೆ ಅವ್ವ ಇರಲಿ ಇರಲಿ ಎನ್ನುತ್ತ ಮಾತು ಬದಲಿಸುವವಳು. ಮಗ ಆಗ ಮೇಜಿನ ಮುಂದೆ ಮೂರನೆಯ ತಟ್ಟೆ ಉಪ್ಪಿಟ್ಟು ತಿನ್ನುತ್ತ, ಕುರ್ಚಿಗೆ ಸಾಲದಷ್ಟು ಉದ್ದದ ಕಾಲು ಚಾಚಿ, ಏನನ್ನೋ ಓದಿ ತನ್ನಷ್ಟಕ್ಕೆ ನಗುತ್ತಿದ್ದ. ಕಿಟಕಿಯ ಬಿಸಿಲು ಅವನ ಕಿವಿಯ ಮೇಲೆ ಬಿದ್ದಿತ್ತು.

“ಅದಾನವ್ವಾ,” ಎಂದೆ.

ಆ ಕಡೆ ಅವ್ವ ದೀರ್ಘವಾಗಿ, ತೃಪ್ತಿಯಿಂದ ಉಸಿರುಬಿಟ್ಟದ್ದು ಕೇಳಿಸಿತು.

“ಅಷ್ಟಂದಿ ಅಂದ್ರ ಭಾಳ ಛೊಲೊ ಅದಾನ,” ಎಂದಳು.